ಅಪ್ಪನನ್ನು ತಮ್ಮ ಹಿಡಿದುಕೊಂಡ ಬೇಸಿಗೆ

ಆಗಿನ್ನೂ ಮೆಟ್ರೊ ಕಂಬಗಳು ಎದ್ದಿರಲಿಲ್ಲ. ವಿಜಯನಗರದಿಂದ ನಮ್ಮ ಚಂದ್ರಾ ಲೇಔಟಿಗೆ ನಡೆದು ಬಂದರೆ ದಾರಿಯುದ್ದಕ್ಕೂ ಹೊಂಗೆಯ ನೆರಳು. ಏಪ್ರಿಲ್ ಬಂತೆಂದರೆ ಯಾರೋ ಮಂಡಕ್ಕಿ ಚೆಲ್ಲಿದ ಹಾಗೆ ರಸ್ತೆ ತುಂಬ ಹೂವು. ಅದರ ಮೇಲೆಯೇ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ಹಲ್ಲು ಜುಮ್ಮೆನ್ನುತ್ತಿರುವಾಗಲೇ ಊಟಕ್ಕೆ ಓಡುತ್ತಿದ್ದೆವು. ನಿಮ್ಮಲ್ಲೂ ಹಲವರು ಹಾಗೇ ಬೆಳೆದಿರಬಹುದು.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ತಮ್ಮ ಹುಟ್ಟಿದ, ದಿನ ತುಂಬುವ ಮೊದಲೇ. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಾಗಲೂ ಒಂದು ಟವೆಲಿನ ಮೂಲೆಯಲ್ಲಿ ಮುಗಿದುಹೋಗುವಷ್ಟಿದ್ದ. ಕಳಿಸುವಾಗ ಡಾಕ್ಟರು ಹೇಳಿದ್ದರು: ಮಗು ಬರಿ ಎದೆಗೆ ಅಂಟಿಕೊಂಡಿರಬೇಕು, ಮೈಗೆ ಮೈ ತಾಗಿರಬೇಕು, ಮೈ ತಣ್ಣಗಾಗಲು ಬಿಡಲೇಬಾರದು. ಅಮ್ಮ ಹಿಂದಿನ ಕೋಣೆಯಲ್ಲಿ ಅವನನ್ನು ಎದೆಗೆ ಕಟ್ಟಿಕೊಂಡು ದಿಂಬಿಗೊರಗಿ ಕೂತೇ ಇರುತ್ತಿದ್ದಳು. ಫ್ಯಾನು ಹಾಕುವಂತಿರಲಿಲ್ಲ. ಬಜೆ, ಸಾಂಬ್ರಾಣಿ, ಹಾಲು ಎಲ್ಲ ಸೇರಿದ ವಾಸನೆಯಲ್ಲಿ ಒಳಗೆ ಕಾಲಿಟ್ಟರೆ ಸಾಕು, ಕಣ್ಣು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು.

ನಮ್ಮ ಮಹಡಿಯಲ್ಲಿ ವಸುಂಧರಾ ಮಿಸ್ ಬಾಡಿಗೆಗಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಒಂದು ಸಂಜೆ ಮಗು ನೋಡಲು ಇಳಿದು ಬಂದವರು ಅದರ ಅಂಗೈಗೆ ತೋರುಬೆರಳು ತಾಗಿಸಿದರು. ಕಣ್ಣು ಬಿಡದೆಯೇ ತಮ್ಮ ಅದನ್ನು ಹಿಡಿದುಕೊಂಡ.

“ಯಾಕೆ ಹಿಡ್ಕೊಂಡ ಗೊತ್ತೇನೇ? ಕೂದಲು ಹುಡುಕ್ತಾ ಇದಾನೆ,” ಎಂದರು ಮಿಸ್. “ಚಿಂಪಾಂಜಿ ಮರಿ, ಒರಾಂಗುಟಾನ್ ಮರಿ ಹುಟ್ಟಿದ ಕೂಡ್ಲೇ ಅಮ್ಮನ ಮೈಕೂದಲು ಹಿಡ್ಕೊಳ್ತವೆ. ವರ್ಷಗಟ್ಲೆ ಅವಳ ಮೈಮೇಲೇ ಬೆಳೀತವೆ. ನಮ್ಗೆ ಅಷ್ಟು ಕೂದಲು ಉಳೀಲಿಲ್ಲ, ಹಿಡ್ಕೊಳ್ಳೋದು ಮಾತ್ರ ಕೈ ಮರ್ತಿಲ್ಲ.”

“ಅವು ನಮ್ಗೇನಾಗ್ಬೇಕು ಮಿಸ್?”

“ದೊಡ್ಡಮ್ಮನ ಮಕ್ಕಳು ಅಂದ್ಕೋ. ತುಂಬಾ ತುಂಬಾ ಹಿಂದೆ ಅವಕ್ಕೂ ನಮಗೂ ಒಬ್ಳೇ ಅಜ್ಜಿ ಇದ್ಲು.”

ಬಾಣಂತನಕ್ಕೆಂದು ದಾವಣಗೆರೆಯಿಂದ ಬಂದಿದ್ದ ನನ್ನಜ್ಜಿ, ಅಪ್ಪನ ತಾಯಿ, ಕೆಂಡದ ಒಲೆಯ ಮುಂದಿನಿಂದ ಎದ್ದು ಬಂದಳು. “ಏನ್ರೀ ಮಿಸ್ಸಮ್ಮಾ, ಉಸಿರು ಹಿಡ್ಕೊಂಡು ಸಾಕ್ತಿರೋ ಕೂಸನ್ನ ಮಂಗಕ್ಕೆ ಹೋಲಿಸ್ತೀರಲ್ಲ! ಬಾಯಿ ಹೆಂಗ್ ಬಂತ್ರೀ?”

“ಮಂಗ ಅಲ್ಲಮ್ಮ, ಬಾಲ ಇಲ್ದಿರೋವು...” ಎನ್ನಲು ಹೋದ ಮಿಸ್, ಅಜ್ಜಿಯ ಮುಖ ನೋಡಿ ಮೆಟ್ಟಿಲು ಹತ್ತಿ ಹೋದರು. ಎರಡು ದಿನ ಕೆಳಗೆ ಬರಲಿಲ್ಲ.

ಮಾರನೇ ಮಧ್ಯಾಹ್ನ ಅಮ್ಮನ ಕಾಲ ಬಳಿ ನಿದ್ದೆ ಹೋದ ನನಗೆ ಮಿಸ್ ಹೇಳಿದ ಆ ಹಳೆಯ ಅಜ್ಜಿ ಕನಸಿನಲ್ಲಿ ಬಂದಳು. ಹೊಂಗೆ ಮರದ ಕವಲಿನಲ್ಲಿ ಕೂತಿದ್ದಳು. ಉದ್ದನೆಯ ಕಂದು ತೋಳು. ಒಂದು ಮಗ್ಗುಲಲ್ಲಿ ನನ್ನ ತಮ್ಮ, ಇನ್ನೊಂದು ಮಗ್ಗುಲಲ್ಲಿ ದುಂಡು ಕಣ್ಣಿನ ಮರಿ. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದಳು. ಅವಳ ಮೈಗೆ ಬಿಸಿಲಲ್ಲಿ ಒಣಗಿದ ಕಂಬಳಿಯ ವಾಸನೆಯಿತ್ತು.

ಮೂರನೇ ದಿನ ಅಮ್ಮನಿಗೆ ಚಳಿಜ್ವರ ಬಂತು. ಗಡಗಡ ನಡುಗುವವಳ ಎದೆಯ ಮೇಲೆ ಮಗುವನ್ನು ಬಿಡುವ ಹಾಗಿರಲಿಲ್ಲ. ಅಜ್ಜಿ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಸ್ವಲ್ಪ ಹೊತ್ತಿಗೆ ಪಾದ ಮುಟ್ಟಿ ನೋಡಿದವಳು “ಅಯ್ಯೋ ಶಿವನೇ, ತಣ್ಣಗೈತಲ್ಲೋ!” ಎಂದು ಕೂಗಿದಳು. ಅಪ್ಪ ಆಸ್ಪತ್ರೆಗೆ ಫೋನ್ ಮಾಡಿದರು. ತಕ್ಷಣ ಯಾರಾದರೂ ಮೈಗೆ ತಾಗಿಸಿಕೊಳ್ಳಿ, ಅರ್ಧ ಗಂಟೆಯಲ್ಲಿ ಬೆಚ್ಚಗಾಗದಿದ್ದರೆ ಕರೆದುಕೊಂಡು ಬನ್ನಿ ಎಂದರು ಅಲ್ಲಿನ ಡಾಕ್ಟರು. ನಾನು ಯಾರನ್ನೂ ಕೇಳದೆ ಮಹಡಿಗೆ ಓಡಿ ಮಿಸ್‌ನ ಕೈ ಹಿಡಿದು ಎಳೆದುಕೊಂಡು ಬಂದೆ.

“ನೀವೇ ಹಿಡ್ಕೊಳ್ಳಿ ಸಾರ್,” ಎಂದರು ಮಿಸ್, ಅಪ್ಪನಿಗೆ.

ಅಪ್ಪ ಮನೆಯಲ್ಲೂ ಅಂಗಿ ಬಿಚ್ಚದ ಮನುಷ್ಯ. ನಮ್ಮನ್ನು ಮುಟ್ಟುತ್ತಿದ್ದುದು ಜ್ವರ ನೋಡಲು ಮಾತ್ರ. “ನನ್ ಕೈಲಾಗಲ್ಲ. ಎಲ್ಲಾದ್ರೂ ಬೀಳಿಸ್ಬಿಟ್ರೆ?”

“ನೀವು ಬೀಳಿಸಿದ್ರೂ ಅವನು ಬಿಡಲ್ಲ. ಕೂತ್ಕೊಳ್ಳಿ.”

ಅಪ್ಪ ಅಂಗಿ ಬಿಚ್ಚಿ ಕೂತರು. ಎದೆಯ ತುಂಬ ಕಪ್ಪು ಗುಂಗುರು ಕೂದಲು. ಅಜ್ಜಿಯೇ ಮುಂದೆ ಬಂದು, ಅವರ ಕೊರಳಿನ ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಮೆಲ್ಲಗೆ ಬದಿಗೆ ಸರಿಸಿ, ಮಗುವನ್ನು ಎದೆಯ ಮೇಲಿಟ್ಟು ಸೀರೆ ಹೊದಿಸಿದಳು. ತಮ್ಮನ ಕೈ ಸ್ವಲ್ಪ ತಡಕಾಡಿತು. ಆಮೇಲೆ ಒಂದು ಹಿಡಿ ಕೂದಲು ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಂಡ.

“ಅಮ್ಮಾ!” ಎಂದರು ಅಪ್ಪ. ನೋವಿಗೋ, ಇನ್ನೇನಕ್ಕೋ. ಕಣ್ಣಲ್ಲಿ ನೀರಿತ್ತು.

ಎಷ್ಟು ಹೊತ್ತಾಯಿತೋ. ಅಜ್ಜಿ ಪಾದ ಮುಟ್ಟಿ ನೋಡಿದಳು. “ಬೆಚ್ಚಗಾತು,” ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಮಿಸ್ ಕಡೆ ತಿರುಗಿದಳು. “ನಿಮ್ಮ ಆ ದೊಡ್ಡಮ್ಮನ ಮಕ್ಕಳು ಹಿಂಗೇ ಹಿಡ್ಕಂತಾವೇನ್ರೀ?”

“ಹಿಂಗೇ ಅಮ್ಮ.”

“ಪಾಪ, ಅವುಕ್ಕೂ ತಣ್ಣಗಾಗ್ತದಲ್ಲ,” ಎಂದು ಅಜ್ಜಿ ಮಿಸ್‌ಗೆ ಕಾಫಿ ಮಾಡಲು ಎದ್ದಳು.

ಅಮ್ಮ ಚೇತರಿಸಿಕೊಂಡ ಮೇಲೂ ಅಪ್ಪ ಆಫೀಸಿನಿಂದ ಬಂದವರೇ ಕೈಕಾಲು ತೊಳೆದು ಮಗುವನ್ನು ಎದೆಗೆ ಹಾಕಿಕೊಳ್ಳುತ್ತಿದ್ದರು. ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ: “ನನ್ನೂ ಹೀಗೇ ಎತ್ಕೊಂಡಿದ್ರಾ ಅಪ್ಪಾ?”

ಅಪ್ಪ ಮಗುವಿನ ಮೇಲಿನ ಹೊದಿಕೆ ಸರಿಮಾಡಿದರು. “ಇಲ್ಲ ಪುಟ್ಟಿ. ನೀನು ಹುಟ್ಟಿದಾಗ ನಂಗೆ ಯಾರೂ ಹೇಳ್ಕೊಡ್ಲಿಲ್ಲ. ಹೆದರ್ಕೊಂಡು ದೂರಾನೇ ನಿಂತಿದ್ದೆ.” ಆಮೇಲೆ ಎಡಗೈ ಎತ್ತಿದರು. ನಾನು ಅದರಡಿ ಸೇರಿಕೊಂಡೆ. ಆ ಬೇಸಿಗೆಯ ಉಳಿದ ಸಂಜೆಗಳೆಲ್ಲ ನನಗೆ ಅಲ್ಲೇ ಕಳೆದ ಹಾಗೆ ನೆನಪು.

ಗಣೇಶನ ಹಬ್ಬದ ಹೊತ್ತಿಗೆ ತಮ್ಮ ಗುಂಡಗಾದ. ಬೆರಳು ತಾಗಿಸಿದರೆ ಅವನ ಅಂಗೈ ತೆರೆದೇ ಇರುತ್ತಿತ್ತು. “ಆಯ್ತು, ಇನ್ಮೇಲೆ ಬೇಕಾದ್ದನ್ನ ಮಾತ್ರ ಹಿಡ್ಕೊಳ್ತಾನೆ,” ಎಂದರು ಮಿಸ್. ಸಂಜೆ ಮಗುವನ್ನು ಎದೆಗೆ ಹಾಕಿಕೊಳ್ಳುವುದು ನಿಂತು, ಅಪ್ಪ ಮತ್ತೆ ಪೇಪರ್ ಓದತೊಡಗಿದರು.

ಈಗ ಅಜ್ಜಿ ಇಲ್ಲ, ಮಿಸ್ ಕೂಡ ಇಲ್ಲ. ತಮ್ಮ ಕೆಂಗೇರಿಯ ಕಾಲೇಜಿನಲ್ಲಿ ಓದುತ್ತಾನೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಭಾನುವಾರ ನಾನು ಹೋದಾಗ ಎಲ್ಲರೂ ಒಟ್ಟಿಗೆ ಊಟ ಮಾಡುತ್ತೇವೆ. ಯಾರಿಗೂ ಯಾರ ಮೇಲೂ ಮುನಿಸಿಲ್ಲ. ಹೊರಡುವಾಗ ಅಪ್ಪ ಗೇಟಿನವರೆಗೆ ಬಂದು “ಹುಷಾರಮ್ಮ” ಎನ್ನುತ್ತಾರೆ. ನಾನು “ಬರ್ತೀನಿ ಅಪ್ಪಾ” ಎನ್ನುತ್ತೇನೆ. ನಮ್ಮಿಬ್ಬರ ನಡುವೆ ಒಂದು ಮೊಳ ಜಾಗವಿರುತ್ತದೆ. ದಾಟಲು ಕಷ್ಟವೇನಿಲ್ಲ. ಆದರೂ ನಾವಿಬ್ಬರೂ ದಾಟುವುದಿಲ್ಲ.