ಮೊಂಬಾಸಾದಲ್ಲಿ ಅಜ್ಜಿಯ ಅಜ್ಜ

ಅವರ ಮುಂಗೈ ತುಂಬ ರಾಗಿ ಚೆಲ್ಲಿದಂತೆ ಕಂದು ಚುಕ್ಕೆಗಳು. ಕಿಲಿಮಾನಿ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಮನೆಯವರು. ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ. ಏಕಾದಶಿ ಬಂತೆಂದರೆ ಬಾಗಿಲಲ್ಲಿ ನಿಂತು, "ಇವತ್ತೂ ಊಟ ಇಲ್ವೇನಮ್ಮ? ನಿನ್ನ ದೇವರು ಬಲು ಜಿಪುಣ," ಎನ್ನುವರು. ಶುಕ್ರವಾರ ತಾವೂ ಮಾಂಸ ಮುಟ್ಟುತ್ತಿರಲಿಲ್ಲ. ಅದನ್ನು ಎತ್ತಿ ಆಡಿದರೆ, "ನನ್ನ ದೇವರು ಮೀನಾದ್ರೂ ಕೊಟ್ಟಿದ್ದಾನೆ!"

ಅವರ ಅಜ್ಜ ಐರ್ಲೆಂಡಿನಿಂದ ಹಡಗು ಹತ್ತಿ ಮೊಂಬಾಸಾಕ್ಕೆ ಬಂದು, ಬಂದರಿನಲ್ಲಿ ದುಡಿದು, ಅಲ್ಲೇ ತೀರಿಕೊಂಡವರು. ಸಮಾಧಿ ಎಲ್ಲಿದೆಯೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಉಳಿದ ದೃಷ್ಟಿಯೂ ಹೆಚ್ಚು ದಿನ ಇರದು ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ಅಜ್ಜಿ, "ಅಷ್ಟರೊಳಗೆ ಅಜ್ಜನ ಕಲ್ಲು ಹುಡುಕಿ ಅವರ ಹೆಸರನ್ನು ಒಂದ್ಸಲ ಓದಬೇಕು," ಎಂದರು. ಅವರಿಗೆ ಮಕ್ಕಳಿಲ್ಲ. ನಾನೇ ಜೊತೆಗೆ ಮೊಂಬಾಸಾದ ರೈಲು ಹತ್ತಿದೆ. ನಮ್ಮ ಮನೆಯವರು ಗೊಣಗದೆ ತಾವೇ ಅನ್ನ ಮಾಡಿಕೊಂಡರು. ಅದೂ ದೇವರ ದಯೆಯೇ.

ಮೊದಲ ದಿನವೆಲ್ಲ ಬ್ರಿಟಿಷರ ಹಳೆಯ ಸ್ಮಶಾನದಲ್ಲಿ ಅಲೆದೆವು. ಬಿಳಿಯರು ಬಿಳಿಯರ ಜೊತೆಗೇ ಇರುತ್ತಾರೆಂದು ಇಬ್ಬರೂ ನಂಬಿದ್ದೆವು. ಸಿಗಲಿಲ್ಲ. "ಸಾಕು, ಹೋಗೋಣ," ಎಂದು ಅಜ್ಜಿ ಕುಸಿದು ಕುಳಿತರು.

ಮರುದಿನ ಹೊರಡುವ ಮೊದಲು ಅವರನ್ನು ಚರ್ಚಿಗೆ ಕರೆದೊಯ್ದೆ. ಹೊರಗೆ ಗೋವಾ ಮೂಲದ ಮುದುಕಿಯೊಬ್ಬರು ಗೆಳತಿಯನ್ನು ಕೊಂಕಣಿಯಲ್ಲಿ ಗದರುತ್ತಿದ್ದರು. ನನ್ನ ಮನೆಮಾತೂ ಅದೇ. ತಡೆಯಲಾರದೆ ಹೋಗಿ ನಮ್ಮ ಕಷ್ಟ ಹೇಳಿಕೊಂಡೆ.

"ಐರಿಶ್ ಅಂದ್ರೆ ನಮ್ಮ ಹಾಗೇ ಕ್ಯಾಥೊಲಿಕ್ ಅಲ್ವೇನೇ ಮಗಳೇ? ಬೇರೆ ಪಂಗಡದ ಇಂಗ್ಲಿಷರ ಹತ್ರ ಹುಡುಕಿದ್ರೆ ಸಿಗ್ತಾರಾ? ನಮ್ಮ ಗೋವಾದವರ ಸಾಲಲ್ಲಿ ಒಬ್ಬ ಬಿಳಿ ಮುದುಕ ಇದ್ದಾನೆ. ನವೆಂಬರಲ್ಲಿ ನಮ್ಮ ಹಿರಿಯರಿಗೆ ಮೇಣದಬತ್ತಿ ಹಚ್ಚುವಾಗ ಅವನಿಗೂ ಒಂದು ಹಚ್ತೀವಿ. ಪಾಪ, ಯಾರೂ ಇಲ್ವಲ್ಲ."

"ಇದ್ದಾರೆ," ಎಂದು ಅಜ್ಜಿಯನ್ನು ಮುಂದೆ ತಂದೆ.

ಆ ಮುದುಕಿ ತಮ್ಮ ಸ್ಮಶಾನಕ್ಕೆ ಕರೆದೊಯ್ದು ತೋರಿಸಿದ ಕಲ್ಲಿನ ಪಾಚಿಯನ್ನು ನಾನು ಸೆರಗಿನಿಂದ ಉಜ್ಜಿದೆ. ಅಜ್ಜಿ ಮೂಗು ತಾಗುವಷ್ಟು ಬಗ್ಗಿ ಒಂದೊಂದೇ ಅಕ್ಷರ ಓದಿದರು. ಹೆಸರು ಅದೇ.

"ಒಬ್ಬರೇ ಮಲಗಿದ್ದಾರೆ ಅಂತ ಅಮ್ಮ ಸಾಯೋ ತನಕ ಅತ್ತಳು. ಎಷ್ಟು ಜನ ನೆಂಟರು ನೋಡು ಇವರಿಗೆ!" ಎಂದು ನಕ್ಕುಬಿಟ್ಟರು. ಆಮೇಲೆ, "ನಿಮ್ಮಲ್ಲಿ ಹಿರಿಯರಿಗೆ ಏನು ಮಾಡ್ತೀರೋ ಅದನ್ನೂ ಮಾಡು," ಎಂದರು. ನಮ್ಮಲ್ಲಿ ಹೆಂಗಸರು ತರ್ಪಣ ಬಿಡುವುದಿಲ್ಲ, ಎಳ್ಳೂ ಇರಲಿಲ್ಲ. ದೇವರು ಕ್ಷಮಿಸಲಿ ಎಂದುಕೊಂಡು ಬಾಟಲಿಯ ನೀರನ್ನೇ ಬೊಗಸೆಯಿಂದ ಬಿಟ್ಟೆ.

ಅಜ್ಜಿ ಇನ್ನೆರಡು ವರ್ಷ ಇದ್ದರು, ಕೊನೆಕೊನೆಗೆ ಕಣ್ಣು ಪೂರ್ತಿ ಹೋಗಿತ್ತು. ಅವರ ಇಚ್ಛೆಯಂತೆ ಅದೇ ಸಾಲಿನಲ್ಲಿ ಮಣ್ಣು ಮಾಡಿದೆವು. ಪರದೇಶದಲ್ಲಿ ನಾನು ಸತ್ತರೆ ಯಾರಿದ್ದಾರೆ ಎಂದು ಮೊದಲೆಲ್ಲ ದೇವರ ಮುಂದೆ ಅಳುತ್ತಿದ್ದೆ. ಅವರ ಜೊತೆ ಮೊಂಬಾಸಾಕ್ಕೆ ಹೋಗಿ ಬಂದ ಮೇಲೆ ಆ ಒಂದು ಅಳು ನಿಂತಿದೆ.