ಗಾಡಿ ಪಾಸ್ ಮಾಡದ ಮಾವ

ನಮ್ಮ ಮಾವ ಮಾಣಿಕಪ್ಪನವರು ಅಳಿಯನ ಮುಖ ನೋಡುವ ಮೊದಲು ಅಳಿಯನ ಗಾಡಿಯ ಚೈನು ನೋಡುತ್ತಿದ್ದರು. ಜಹೀರಾಬಾದಿನಿಂದ ಬಿಸಿಲಲ್ಲಿ ಬೆಂದು ತಾಂಡೂರಿನ ಅವರ ಮನೆ ಮುಟ್ಟಿದರೆ, ಬೇರೆ ಮಾವಂದಿರ ಹಾಗೆ ಕಾಲಿಗೆ ನೀರು ಕೊಡಿಸಿ 'ಆರಾಮ ಅದೀರೇನ್ರಿ' ಎಂದು ಕೇಳುವುದು ಅವರ ಜಾತಕದಲ್ಲೇ ಇರಲಿಲ್ಲ. ನಾನಿನ್ನೂ ಇಳಿದಿರುವುದಿಲ್ಲ, ಧೋತರ ಎತ್ತಿ ಕಟ್ಟಿಕೊಂಡು ಹಿಂದಿನ ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಉಗುರಿನೊಳಗೆ ಗ್ರೀಸು. ಇಲ್ಲಿ ಅವರಿಗೆ ಬಹುವಚನ ಬಳಸುತ್ತಿರುವುದು ನನ್ನ ಹೆಂಡತಿ ಸುವರ್ಣ ಇದನ್ನು ಓದುತ್ತಾಳೆ ಎಂಬ ಒಂದೇ ಕಾರಣಕ್ಕೆ.

ಅವರು ಬಸ್ ಡಿಪೋದಲ್ಲಿ ಇದ್ದವರು. ಬೆಳಗಿನ ಬಸ್ಸುಗಳನ್ನು ಗೇಟಿನಿಂದ ಹೊರಗೆ ಬಿಡುವ ಮುಂಚೆ ಬ್ರೇಕು, ಲೈಟು, ಗಾಲಿ ನೋಡುವುದು ಅವರ ಕೆಲಸ. ಅವರು ಕೈ ಅಡ್ಡ ಹಿಡಿದರೆ ಬಸ್ಸು ಅಲ್ಲೇ ನಿಲ್ಲಬೇಕು, ಮ್ಯಾನೇಜರ್ ಬಂದರೂ ಅಷ್ಟೇ. ರಿಟೈರಾದ ಮೇಲೆ ಅಡ್ಡಗಟ್ಟಲು ಬಸ್ಸು ಸಿಗದೆ ನನ್ನ ಪಾಲಿಗೆ ವಕ್ಕರಿಸಿದರು. ನನ್ನದೋ, ಅಪ್ಪ ಓಡಿಸಿ ಬಿಟ್ಟ ಕೆಂಪು ಮೋಟಾರ್ ಸೈಕಲ್ಲು. ಹಳೇ ಗಾಡಿಗೆ ಬರುವ ಕಾಯಿಲೆಗಳೆಲ್ಲ ಅದಕ್ಕೆ ಬಂದಿದ್ದವು. ಹ್ಯಾಂಡಲಿನ ಕೋನ್‌ಸೆಟ್ ಸವೆದು ಮುಂದಿನ ಗಾಲಿ ತನಗೆ ಬೇಕಾದ ಕಡೆ ಹೋಗುತ್ತಿತ್ತು. ಚೈನು ಜೋತುಬಿದ್ದು ಕವರಿಗೆ ಬಡಿಯುತ್ತಿತ್ತು. ಬ್ರೇಕ್ ತುಳಿದರೆ ಹಿಂದಿನ ದೀಪ ಮನಸ್ಸಿದ್ದರೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆದರೂ ಓಡುತ್ತಿತ್ತಲ್ಲ, ಅದನ್ನು ಹೇಳಿದರೆ ಮಾವನಿಗೆ ಲೆಕ್ಕಕ್ಕೇ ಇಲ್ಲ.

"ನಡಿಯೂದೇನ್ ದೊಡ್ಡ ಮಾತಲ್ರಿ ಅಳಿಯಂದ್ರೆ. ನಿಲ್ತದೇನ್ ಹೇಳ್ರಿ" ಎನ್ನುತ್ತಿದ್ದರು.

ಅವರ ಅಂಗಿಯ ಕಿಸೆಯಲ್ಲಿ ಯಾವಾಗಲೂ ನಾಲ್ಕಾರು ತೊಗರಿ ಕಾಳು ಇರುತ್ತಿದ್ದವು. ತಿನ್ನುವುದಕ್ಕಲ್ಲ. ಟೈರಿನ ಗೀರಿನ ಸಂದಿಯಲ್ಲಿ ಒಂದು ಕಾಳು ಇಟ್ಟು ಮೇಲೆ ಹೆಬ್ಬೆರಳು ಸವರುವುದು. ಕಾಳು ಬೆರಳಿಗೆ ತಾಗಿದರೆ ಟೈರಿನ ಕಥೆ ಮುಗಿಯಿತು. "ಕಾಳ್ ಮುಳಗಬೇಕ್ರಿ" ಎಂದು ಆ ಕಾಳನ್ನು ನನ್ನ ಅಂಗೈಗೆ ಹಾಕಿ, ಕೈ ತೊಳೆಯಲು ಒಳಗೆ ಹೋಗುತ್ತಿದ್ದರು. ಕಾಳು ಹಿಡಿದುಕೊಂಡು ಅಂಗಳದಲ್ಲಿ ನಿಂತ ಅಳಿಯನನ್ನು ಓಣಿಯ ಹೆಂಗಸರು ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಯಾದ ಮೊದಲ ಪಂಚಮಿಗೆ ಸುವರ್ಣ ತವರಿಗೆ ಬಂದಿದ್ದಳು. ಹಬ್ಬ ಮುಗಿಸಿ ಕರೆದುಕೊಂಡು ಹೋಗಲು ಬಂದೆ. ಮಾವನ ಪರೀಕ್ಷೆಯಲ್ಲಿ ಗಾಡಿ ಫೇಲಾಯಿತು. ಮಾವ ಮಗಳನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು ಜಹೀರಾಬಾದ್ ಬಸ್ಸಿನ ಹಿಂದಿನ ಕಿಟಕಿಯ ಪಕ್ಕ ಕೂಡಿಸಿ, ಡ್ರೈವರಿಗೆ ಎಲ್ಲರೂ ಕೇಳುವ ಹಾಗೆ ಹೇಳಿದರು: "ಹಿಂದ ನಮ್ಮ ಅಳಿಯಂದ್ರು ಬರ್ಲಾಕತ್ಯಾರ. ಜರಾ ಸಾವಕಾಶ ಹೊಡಿ." ಬಸ್ಸಿನ ಹೊಗೆ, ಧೂಳು ಕುಡಿಯುತ್ತ ಇಡೀ ದಾರಿ ನಾನು ಅದರ ಹಿಂದೆ ಹೋದೆ. ಸ್ವಲ್ಪ ಹೊತ್ತು ನಾಚಿಕೊಂಡು ನನ್ನ ಕಡೆ ನೋಡುತ್ತಿದ್ದ ಹೆಂಡತಿ ಪೆದ್ದೆಮುಲ್ ದಾಟುವುದರೊಳಗೆ ಕಿಟಕಿಗೆ ತಲೆಯಿಟ್ಟು ಮಲಗಿಬಿಟ್ಟಳು. ಪ್ರತಿ ಸ್ಟಾಪಿನಲ್ಲೂ ಕಂಡಕ್ಟರ್ ಇಳಿದು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದ.

ಗಾಡಿಗೆ ಹದಿನೈದು ವರ್ಷ ತುಂಬಿದಾಗ ಆರ್‌ಸಿ ಹೊಸದು ಮಾಡಿಸಬೇಕಾಯಿತು. ಬ್ರೇಕ್ ಇನ್‌ಸ್ಪೆಕ್ಟರ್ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ, ಹಾರ್ನ್ ಒತ್ತಿದ, ಲೈಟು ನೋಡಿದ, ಒಂದು ಸುತ್ತು ಹೊಡೆಸಿ ಪಾಸ್ ಮಾಡಿದ. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮುಂದಿನ ರವಿವಾರವೇ ಆ ಕಾಗದ ತೆಗೆದುಕೊಂಡು ತಾಂಡೂರಿಗೆ ಹೋದೆ. ಮಾವ ಚಾಳೀಸು ಏರಿಸಿ ಕಾಗದವನ್ನು ಹಿಂದೆ ಮುಂದೆ ಓದಿ ವಾಪಸು ಕೊಟ್ಟರು.

"ಸರ್ಕಾರದವರು ಗಾಡಿ ಪಾಸ್ ಮಾಡ್ಯಾರ, ಖರೆ. ಹಿಂದ ಕೂಡೂ ನನ್ನ ಮಗಳಿಗಿ ಅವರೇನ್ ನೋಡ್ಯಾರೇನ್ರಿ?"

ಅಂದು ನಾನು ಅವರ ಮನೆಯ ಚಹಾ ಕುಡಿಯಲಿಲ್ಲ.

ಇದೆಲ್ಲ ಹೋಗಲಿ ಎನ್ನಬಹುದು. ಎದೆಯಲ್ಲಿ ಉಳಿದದ್ದು ಸಮ್ಮೆಯ, ಅಂದರೆ ಮುಷ್ಕರದ ಕಾಲದ್ದು. ಪ್ರತ್ಯೇಕ ರಾಜ್ಯ ಬೇಕೆಂದು ನೌಕರರೆಲ್ಲ ಕೆಲಸ ಬಿಟ್ಟಿದ್ದರು. ನಮ್ಮ ಆಫೀಸಿಗೂ ಬೀಗ, ನಾನೂ ದಿನಾ ಧರಣಿಯ ಟೆಂಟಿನಲ್ಲಿ ಕೂತು ಬರುತ್ತಿದ್ದೆ. ಬಸ್ಸುಗಳು ಡಿಪೋ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಗಾಜು ಒಡೆಸಿಕೊಳ್ಳಲು ಜೀಪಿನವರೂ ತಯಾರಿರಲಿಲ್ಲ. ಸುವರ್ಣ ಹೆರಿಗೆಗೆ ಹೋದವಳು ತವರಲ್ಲೇ ಇದ್ದಳು. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನೋಡಿದ್ದೇ ಕೊನೆ. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವುದು ನಮ್ಮಲ್ಲಿ ಬೆಸ ತಿಂಗಳಲ್ಲಿ ಮಾತ್ರ. ಐದು ಮುಗಿಯುತ್ತ ಬಂದಿತ್ತು. ಅದು ತಪ್ಪಿದರೆ ಏಳರವರೆಗೆ ಕಾಯಬೇಕು. ಖಾಲಿ ಮನೆಯಲ್ಲಿ, ಕೆಲಸವೂ ಇಲ್ಲದೆ, ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಈ ಸಲ ಮಾವನಿಗೆ ಮಾತಾಡಲು ಜಾಗ ಕೊಡಬಾರದೆಂದು ಗಾಡಿಗೆ ಎಲ್ಲ ಹೊಸದು ಹಾಕಿಸಿದೆ. ಕೋನ್‌ಸೆಟ್, ಬ್ರೇಕ್ ಶೂ, ಚೈನು, ಎರಡೂ ಟೈರು. ಪೆದ್ದೆಮುಲ್ ಹತ್ತಿರ ರಸ್ತೆಗೆ ಕಲ್ಲು ಅಡ್ಡ ಇಟ್ಟಿದ್ದ ಹುಡುಗರು ಜೈ ತೆಲಂಗಾಣ ಅನ್ನಿಸಿ, ಕಲ್ಲು ಸರಿಸಿ ದಾರಿ ಬಿಟ್ಟರು. ತಾಂಡೂರು ಮುಟ್ಟಿದಾಗ ಬಾಗಿಲಲ್ಲಿ ಸುವರ್ಣ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸು ನನ್ನನ್ನು ನೋಡಿ ಅತ್ತಿತು. ಗುರುತೇ ಇರಲಿಲ್ಲ ಅದಕ್ಕೆ.

ಮಾವ ಎಂದಿನಂತೆ ಕೂತರು. ಹ್ಯಾಂಡಲ್ ಹಿಡಿದು ಅಲುಗಿಸಿದರು. ಚೈನು ಒತ್ತಿದರು. ಕಾಳು ಇಟ್ಟರು, ಪೂರ್ತಿ ಮುಳುಗಿತು. ಗಾಡಿ ಚಾಲೂ ಮಾಡಿಸಿ ಇಂಜಿನ್ನಿಗೆ ಕಿವಿ ಹಚ್ಚಿ ಕೂತರು. ನಾನು ಗೆದ್ದೆ ಅಂದುಕೊಂಡೆ.

"ಇಂಜಿನ್ನಿನಾಗ ಏನೋ ಆವಾಜ್ ಅದರಿ. ಇವತ್ತ ಬ್ಯಾಡ" ಎಂದರು.

"ನನಗೇನೂ ಕೇಳಸವಲ್ದಲ್ರಿ?"

"ನಿಮಗ ಕೇಳಸಂಗಿಲ್ರಿ."

ನನ್ನ ಕಡೆಗಾಗಲಿ ಮಗಳ ಕಡೆಗಾಗಲಿ ನೋಡದೆ ಕಿಸೆಯೊಳಗೆ ಕಾಳು ಹಾಕಿಕೊಂಡರು. ನನ್ನ ಬಾಯಿ ಹಿಡಿತ ತಪ್ಪಿತು. ಇದು ನಿಮ್ಮ ಡಿಪೋ ಅಲ್ಲ, ನನ್ನ ಹೆಂಡತಿ ನಿಮ್ಮ ಬಸ್ಸಲ್ಲ, ಅಳಿಯನನ್ನು ಕಂಡರೆ ಹೊಟ್ಟೆಕಿಚ್ಚು ನಿಮಗೆ ಎಂದು ಓಣಿ ತುಂಬ ಕೂಗಾಡಿದೆ. ಅವರು ಕಟ್ಟಿದ್ದ ಧೋತರ ಇಳಿಬಿಟ್ಟು ಕೈ ತೊಳೆಯಲು ಒಳಗೆ ಹೋದರು. ಊಟ ಮಾಡದೆ ಒಬ್ಬನೇ ಹೊರಟುಬಂದೆ. ದಾರಿಯುದ್ದಕ್ಕೂ ಇಂಜಿನ್ನಿಗೆ ಕಿವಿ ಕೊಟ್ಟೆ. ಹೊಸ ಗಾಡಿಯೂ ಅಷ್ಟು ಚೆನ್ನಾಗಿ ಓಡಿರಲಿಕ್ಕಿಲ್ಲ.

ಏಳನೆಯ ತಿಂಗಳಲ್ಲಿ ಅವರೇ ತಾಯಿ ಮಗುವನ್ನು ತಂದು ಬಿಟ್ಟುಹೋದರು. ನಾನು ಬನ್ನಿ ಎನ್ನಲಿಲ್ಲ, ಕೂಡಿರಿ ಎನ್ನಲಿಲ್ಲ. ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದೆ. ನೆಂಟರ ಮುಂದೆ ಆ ಆವಾಜಿನ ಕಥೆ ಹೇಳಿ ನಗಿಸುತ್ತಿದ್ದೆ. ಅವರಿಗೆ ಅದು ತಿಳಿಯದೆ ಇರಲಿಲ್ಲ.

ಕಳೆದ ವರ್ಷ ಮಾವ ತೀರಿಕೊಂಡರು. ಮಣ್ಣು ಮಾಡಿ ಬಂದ ಮರುದಿನ ಪಡಸಾಲೆಯಲ್ಲಿ ನಾರಾಯಣಖೇಡದ ನೆಂಟರು ಕೂತಿದ್ದರು. ಸತ್ತವರನ್ನು ಹೊಗಳುವ ಮಾತು ನಡೆದಿತ್ತು. ನನಗೆ ತಡೆಯಲಾಗದೆ ಮತ್ತೆ ಅದೇ ಕಥೆ ತೆಗೆದೆ. ಚಹಾದ ಕಪ್ಪುಗಳನ್ನು ಒಯ್ಯಲು ಬಂದಿದ್ದ ಸುವರ್ಣ ತಟ್ಟೆ ಕೆಳಗಿಟ್ಟಳು.

"ಅವತ್ತ ಗಾಡಿಗೇನೂ ಆಗಿದ್ದಿಲ್ರಿ. ನಾನೇ ಅಪ್ಪಗ ಹೇಳಿದ್ದೆ, ಇನ್ನೆರಡ್ ತಿಂಗಳು ಇಲ್ಲೇ ಇರ್ತೀನಿ, ಹ್ಯಾಂಗರೆ ಮಾಡಿ ತಡೀರಿ ಅಂತ. ಮೈಯಾಗ ಶಕ್ತಿ ಬಂದಿದ್ದಿಲ್ಲ. ಅಲ್ಲಿಗಿ ಬಂದ್ರ ನಿಮ್ಮ ಟೆಂಟಿನ ಮಂದಿಗೆಲ್ಲ ಚಾ ಮಾಡಾಕ ನಾನೇ ನಿಲ್ಲಬೇಕಿತ್ತು. ಸುಳ್ಳ ಹೇಳಿದೆನಂತ ಅಪ್ಪ ಅವತ್ತ ಊಟ ಮಾಡಲಿಲ್ಲ."

"ನನಗೇ ಹೇಳಬೇಕಿತ್ತಲ್ಲ?"

"ನಾ ಬರಂಗಿಲ್ಲ ಅಂದ್ರ ನೀವ್ ಕೇಳ್ತಿದ್ದಿಲ್ಲ. ಗಾಡಿ ಖರಾಬ್ ಅದ ಅಂದ್ರ ಕೇಳ್ತಿದ್ರಿ" ಎಂದು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಾವನ ಮೇಲೆ ನನಗೆ ಈಗಲೂ ಸಿಟ್ಟಿದೆ, ಮೊದಲಿಗಿಂತ ಹೆಚ್ಚೇ ಇದೆ. ಅಷ್ಟೆಲ್ಲ ಬೈಸಿಕೊಂಡು, ಒಂದೇ ಒಂದು ಮಾತು ಹೇಳದೆ ಹೋದರಲ್ಲ. ಅಂದು ಎದುರು ನಿಲ್ಲಿಸಿಕೊಂಡು ಕೇಳೋಣವೆಂದು ಅಂಗಳಕ್ಕೆ ಬಂದೆ. ನನ್ನ ಗಾಡಿಯ ಹಿಂದಿನ ಗಾಲಿಯ ಪಕ್ಕ ಯಾರೂ ಕೂತಿರಲಿಲ್ಲ.