ಜಯಮಾಲಾ ಬಾಯಿಯ ಬೆಳಕಿನ ಗಿಡ

ಜಯಮಾಲಾ ನರ್ಸ್ ಆಗಿ ಮಾದನಹಿಪ್ಪರಗಾಕ್ಕೆ ಬಂದ ಹೊಸತರಲ್ಲಿ ಊರಿನ ಹೆಂಗಸರು ಮೊದಲು ಕೇಳಿದ್ದು ಒಂದೇ ಮಾತು. "ಮನ್ಯಾಗ ಯಾರ್ಯಾರು ಅದಾರ್ರಿ ಬಾಯಿ?"

"ಜೇವರ್ಗಿಯಾಗ ಅವ್ವ ಅದಾಳ, ತಮ್ಮ ಅದಾನ," ಎಂದು ಅವಳು ಹೇಳುತ್ತಿದ್ದಳು. ತಾಯಿ ತೀರಿಕೊಂಡ ಮೇಲೂ ಬಾಯಿಗೆ ಮೊದಲು ಬರುತ್ತಿದ್ದುದು ಅದೇ ಉತ್ತರ. ಅರ್ಧಕ್ಕೆ ತಡೆದು, "ತಮ್ಮ ಅದಾನ," ಎಂದಷ್ಟೇ ಹೇಳುವುದನ್ನು ನಿಧಾನವಾಗಿ ರೂಢಿ ಮಾಡಿಕೊಂಡಳು.

ಅವಳಿಗೆ ಮದುವೆಯಾಗಿರಲಿಲ್ಲ. ಮೊದಲು ಓದು, ಆಮೇಲೆ ತಾಯಿಯ ಪಾರ್ಶ್ವವಾಯು. ಬಂದ ಸಂಬಂಧಗಳಿಗೆಲ್ಲ ಮುಂದಿನ ವರ್ಷ ನೋಡೋಣ ಎನ್ನುತ್ತ ನಲವತ್ತು ದಾಟಿತ್ತು. ಊರಿನಲ್ಲಿ ಅವಳು ಕಾಲಿಡದ ಮನೆ ಇರಲಿಲ್ಲ. ಯಾವ ಕೂಸಿಗೆ ಯಾವ ಸೂಜಿ ಬಾಕಿ, ಯಾವ ಬಸುರಿಗೆ ರಕ್ತ ಕಡಿಮೆ ಎಂಬುದೆಲ್ಲ ಅವಳಿಗೆ ನೆನಪಿರುತ್ತಿತ್ತು. ಆದರೆ ಸೂಜಿ, ಗುಳಿಗೆ, ತೂಕದ ಮಾತು ಮುಗಿದ ಮೇಲೆ ಯಾರೂ ಅವಳನ್ನು ಕೂರಿಸಿಕೊಂಡು ಹರಟುತ್ತಿರಲಿಲ್ಲ. ನರ್ಸಬಾಯಿ ಕೆಲಸದವಳು, ಅವಸರದಲ್ಲಿರುತ್ತಾಳೆ ಎಂದು ಅವರ ಎಣಿಕೆ. ಅವಳು ಅವಸರದಲ್ಲಿ ಇರುತ್ತಿರಲಿಲ್ಲ.

ಅವಳಿಗೆ ತಿಳಿದಂತೆ ಊರಿನಲ್ಲಿ ಕ್ರೈಸ್ತರ ಮನೆಯೆಂದರೆ ಅವಳದೊಂದೇ. ಆಳಂದದ ರಸ್ತೆಗೆ ಹೊಂದಿಕೊಂಡ ಎರಡು ಕೋಣೆಯ ಬಾಡಿಗೆ ಮನೆ. ಮುಂದೆ ಎರೆಮಣ್ಣಿನ ಬಯಲು, ಬಯಲಿನ ಅಂಚಿಗೆ ಒಂದು ಕಲ್ಲಿನ ಕಟ್ಟೆ. ಸಂಜೆ ಬಸುರಿಯರು ಆ ಕಟ್ಟೆಯ ಮೇಲೆ ಕೂತು ಬಿಪಿ ನೋಡಿಸಿಕೊಂಡು ಹೋಗುತ್ತಿದ್ದರು. ಕ್ರಿಸ್‌ಮಸ್‌ಗೆ ಅವಳು ಪ್ರತಿ ವರ್ಷ ಜೇವರ್ಗಿಯ ಬಸ್ಸು ಹಿಡಿಯುತ್ತಿದ್ದಳು. ತಾಯಿ ಹೋದ ಮೇಲೂ ತಮ್ಮ ಶಾಂತಕುಮಾರನ ಮನೆಗೆ ಹೋಗಿ ಬರುತ್ತಿದ್ದಳು.

ಈ ಸಲ ನವೆಂಬರ್ ಕೊನೆಗೆ ತಮ್ಮನ ಫೋನು ಬಂತು.

"ಅಕ್ಕಾ, ಈ ಸಲ ನಾವು ಸೊಲ್ಲಾಪುರಕ್ಕ ಹೊಂಟೀವಿ. ಮಂಜರಿ ತವರಮನ್ಯಾಗ ಎಲ್ಲಾರೂ ಕೂಡಾಕತ್ತಾರ. ನೀನೂ ಬಾ ಬೇಕಾದ್ರ."

ಕೊನೆಯ ಮಾತು ಆಡುವ ಹೊತ್ತಿಗೆ ಅವನು ಹಿಂದಿದ್ದ ಮಗನಿಗೆ ಏನೋ ಬೈಯುತ್ತಿದ್ದ. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. "ನನಗ ರಜಾ ಸಿಗೂದಿಲ್ಲ ಬಿಡು, ನೀವು ಆರಾಮ ಹೋಗಿ ಬರ್ರಿ," ಎಂದಳು ಜಯಮಾಲಾ. ರಜೆ ಸಿಗುತ್ತಿತ್ತು.

ಫೋನಿಟ್ಟು ಎಷ್ಟೋ ಹೊತ್ತು ಬಾಗಿಲಲ್ಲಿ ನಿಂತಳು. ಕಲಬುರಗಿಯಲ್ಲಿ ತರಬೇತಿಗಿದ್ದಾಗ ಒಂದು ಚರ್ಚಿನ ಅಂಗಳದಲ್ಲಿ ಎತ್ತರದ ಕಂಬ ನಿಲ್ಲಿಸಿ, ತುದಿಯಿಂದ ಸುತ್ತಲೂ ಲೈಟಿನ ಸರ ಇಳಿಬಿಟ್ಟು ದೊಡ್ಡ ಕ್ರಿಸ್‌ಮಸ್ ಗಿಡ ಮಾಡಿದ್ದರು. ಎರಡು ಓಣಿ ಆಚೆಗೂ ಅದು ಕಾಣುತ್ತಿತ್ತು. ಹೋಗುವುದಕ್ಕೆ ಮನೆಯಿಲ್ಲದಿದ್ದರೆ ಇಲ್ಲಿಯೇ ಅಂಥದೊಂದನ್ನು ನಿಲ್ಲಿಸಬೇಕು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಅಮೋಘಸಿದ್ದನಿಗೆ ಹೇಳಿ ಕಳಿಸಿದಳು.

ಅಮೋಘಸಿದ್ದ ಬೋರಿನ ಮೋಟಾರು ಎತ್ತಿ ಇಳಿಸುವ ಕೆಲಸದವನು, ಮಾತುಗಾರ. ಅವನ ಮನೆಯ ಹಿಂದೆ ಬತ್ತಿದ ಬೋರುಗಳಿಂದ ತೆಗೆದ ಕಬ್ಬಿಣದ ಪೈಪುಗಳ ರಾಶಿಯೇ ಇತ್ತು.

"ಪೈಪ ಎಷ್ಟ ಬೇಕಾದ್ರೂ ಒಯ್ರಿ ಬಾಯಾರ. ಆದ್ರ ಇಷ್ಟ ಎತ್ತರಕ್ಕ ಏನ್ ಕಟ್ತೀರಿ, ಝಂಡಾ ಏನು?"

"ಗಿಡ ಮಾಡ್ತೇನಿ, ಅಮೋಘಣ್ಣ. ಲೈಟಿನ ಗಿಡ."

ಅವನು ನಕ್ಕ, ಆದರೆ ಮರುದಿನವೇ ಬಂದ. ಕರೆಂಟಿನ ತಂತಿ ದೂರವಿದೆಯೇ ಎಂದು ಮೊದಲು ತಲೆಯೆತ್ತಿ ನೋಡಿದ. ಎರಡು ಪೈಪು ಜೋಡಿಸಿದಾಗ ಮಾಳಿಗೆಯ ಎರಡು ಪಟ್ಟು ಎತ್ತರವಾಯಿತು. ತುದಿಗೆ ಹಳೆಯ ಸೈಕಲ್ಲಿನ ರಿಮ್ ಬಿಗಿದರು. ಆಳಂದದಲ್ಲಿ ಲಗ್ನದ ಮಂಟಪಗಳಿಗೆ ಲೈಟು ಹಾಕುವ ಮುಜೀಬ ಹಸಿರು ಬಿಳಿ ದೀಪದ ಸರಗಳನ್ನು ಕೊಟ್ಟ. ಸರಗಳ ಮೇಲಿನ ತುದಿ ರಿಮ್ಮಿಗೆ, ಕೆಳಗಿನ ತುದಿ ನೆಲದ ಮೇಲೆ ಬಳೆಯಂತೆ ಬಾಗಿಸಿದ ಡ್ರಿಪ್ ಪೈಪಿಗೆ. ಮೋಟಾರು ಎತ್ತುವ ಮೂರು ಕಾಲಿನ ಸ್ಟ್ಯಾಂಡಿನಿಂದ, ಸರಪಳಿ ಜಗ್ಗಿ ಕಂಬ ಎಬ್ಬಿಸಿ, ಗುಂಡಿಗಿಳಿಸಿ ಸುತ್ತ ಕಲ್ಲು ಜಡಿದರು. ಕಂಬದ ನಡುವಿನಿಂದ ನಾಲ್ಕು ದಿಕ್ಕಿಗೆ ತಂತಿ ಎಳೆದು ಕಬ್ಬಿಣದ ಗೂಟಗಳಿಗೆ ಬಿಗಿದರು.

"ಗೂಟ ಸಾಕಾಗ್ತಾವೇನು?" ಎಂದು ಜಯಮಾಲಾ ಕೇಳಿದಳು.

"ಇವು ಮೋಟಾರಿನ ಭಾರ ತಡೀತಾವ್ರಿ, ದೀಪದ ಸರ ತಡಿಯೂದಿಲ್ಲೇನು?"

ಡಿಸೆಂಬರ್ ನಡುವಿನಲ್ಲಿ, ಯಾರೂ ಎಣಿಸದ ಮಳೆ ಬಂತು. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತದ ಬಾಲವಂತೆ; ತೊಗರಿ ರಾಶಿಗೆ ಬಂದ ಹೊತ್ತಿನಲ್ಲಿ ಜಿಟಿಜಿಟಿ ಹಿಡಿಯಿತು. ಬಿರುಕು ಬಿಟ್ಟಿದ್ದ ಎರೆಮಣ್ಣು ನೀರು ಕುಡಿದು ಬೆಣ್ಣೆಯಾಯಿತು. ಮೂರನೆಯ ದಿನ ಮಳೆ ನಿಂತು ಗಾಳಿ ಎದ್ದಿತು. ಜಯಮಾಲಾ ಅಂಗನವಾಡಿಯಲ್ಲಿ ಕೂಸುಗಳಿಗೆ ಸೂಜಿ ಹಾಕುತ್ತಿದ್ದಾಗ ಯಾರೋ ಓಡಿಬಂದು ಹೇಳಿದರು. "ಬಾಯಾರ, ನಿಮ್ಮ ಗಿಡ ಬಿತ್ರಿ."

ಗೂಟ ಮಣ್ಣಿನಿಂದ ಎದ್ದು ಬಂದಿತ್ತು. ಕಂಬ ಕಟ್ಟೆಗೆ ಅಡ್ಡಲಾಗಿ ಬಿದ್ದು, ಅಂಚಿನ ಕಲ್ಲು ಒಡೆದಿತ್ತು. ಸುತ್ತ ನಿಂತವರಲ್ಲಿ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದ ಮಾತು ಜಯಮಾಲಾಳ ಕಿವಿಗೆ ಬಿತ್ತು. "ಒಬ್ಬಾಕಿಗಿ ಯಾಕ ಬೇಕಿತ್ತ ಬೇ ಇಷ್ಟ ದೊಡ್ಡದು?"

ಆ ಮಾತಿಗಿಂತ ಕಟ್ಟೆಯ ಒಡೆದ ಕಲ್ಲು ಅವಳನ್ನು ಹೆಚ್ಚು ಹೆದರಿಸಿತು. ಸಂಜೆಯಾಗಿದ್ದರೆ ಅಲ್ಲಿ ಬಸುರಿಯರು ಕೂತಿರುತ್ತಿದ್ದರು. ಅಮೋಘಸಿದ್ದ ಬಂದು ತಲೆ ತಗ್ಗಿಸಿ ನಿಂತಾಗ, "ಪೈಪ ಒಯ್ದುಬಿಡು ಅಮೋಘಣ್ಣ. ನನಗ ಗಿಡ ಬ್ಯಾಡ," ಎಂದು ಒಳಗೆ ಹೋದಳು. ಅಂದು ಅಡಿಗೆ ಮಾಡಲಿಲ್ಲ. ಈ ವಯಸ್ಸಿನಲ್ಲಿ ಹುಡುಗಿಯ ಹಾಗೆ ಆಸೆಪಟ್ಟೆನಲ್ಲ ಎಂಬ ನಾಚಿಕೆಯೇ ಹೊಟ್ಟೆ ತುಂಬಿತ್ತು.

ಕೆಲಸ ಮಾತ್ರ ಬಿಡಲಿಲ್ಲ. ಎರಡು ದಿನಕ್ಕೆ ಊರಾಚೆಯ ದ್ರಾಕ್ಷಿ ತೋಟಕ್ಕೆ ಬಾಣಂತಿಯನ್ನು ನೋಡಲು ಹೋದಳು. ತೋಟ ಕಾಯುವ ಗುರಮ್ಮನ ಸೊಸೆಗೆ ಹೆಣ್ಣುಕೂಸು ಹುಟ್ಟಿತ್ತು. ಕೂಸಿನ ತೂಕ ನೋಡಿ ಹೊರಗೆ ಬಂದಾಗ ಅವಳ ಕಣ್ಣು ಚಪ್ಪರದ ಮೂಲೆಗಂಬದ ಮೇಲೆ ಹೋಯಿತು. ಇಡೀ ಸಾಲಿನ ಬಳ್ಳಿ, ಕಾಯಿಯ ಭಾರ ಎಲ್ಲ ಆ ಕಂಬವನ್ನು ಒಳಕ್ಕೆ ಜಗ್ಗುತ್ತಿದ್ದವು. ಮಳೆ ಗಾಳಿಗೆ ಅದು ಜಗ್ಗಿರಲಿಲ್ಲ. ಕಂಬದ ಹಿಂದಿನಿಂದ ದಪ್ಪ ತಂತಿಯೊಂದು ಓರೆಯಾಗಿ ನೆಲದೊಳಕ್ಕೆ ಇಳಿದಿತ್ತು. ಗೂಟ ಎಲ್ಲೂ ಕಾಣಲಿಲ್ಲ.

"ಗುರಮ್ಮಾಯಿ, ಈ ತಂತಿ ಎಲ್ಲಿಗಿ ಹೋಗ್ತದ?"

"ಕಲ್ಲಿಗ್ರಿ. ಕೆಳಗ ಎದಿಮಟ್ಟ ತೆಗ್ಗಿನ್ಯಾಗ ಕಲ್ಲು ಮಲಗ್ಯಾದ. ಮ್ಯಾಲ ಮುರುಮಿನ ಗರಸು ಹಾಕಿ ಬಡದಾರ. ನಮ್ಮ ಎರಿ ಮಣ್ಣು ನಂಬಂಗಿಲ್ಲ ಬಾಯಿ. ಉಣ್ಣೂದಕ್ಕ ಚಲೋ, ನಿಲ್ಲೂದಕ್ಕಲ್ಲ."

ಜಯಮಾಲಾ ಆ ತಂತಿಯನ್ನು ಕೈಯಿಂದ ಮೀಟಿ ನೋಡಿದಳು. ವೀಣೆಯ ತಂತಿಯಷ್ಟು ಬಿಗಿಯಾಗಿತ್ತು. ಮನೆಗೆ ಬರುವ ದಾರಿಯಲ್ಲಿ ಅಮೋಘಸಿದ್ದನ ಬಾಗಿಲಿಗೆ ಹೋಗಿ, "ನಾಳೆ ಹಾರಿ, ಸಲಿಕಿ ತಗೊಂಡು ಬಾ," ಎಂದಳು. ಅವನ ಹೆಂಡತಿ ಸೀಮಾ ಒಳಗಿನಿಂದಲೇ, "ನಾನೂ ಬರ್ತೇನಿ ತಡೀರಿ, ಇವನೊಬ್ಬನ್ನ ನಂಬಿದ್ರ ಮತ್ತ ಬೀಳಸ್ತಾನ," ಎಂದಳು.

ಮೂವರೂ ಸೇರಿ ನಾಲ್ಕು ಗುಂಡಿ ತೋಡಿದರು. ಜಯಮಾಲಾಳ ಅಂಗೈಯಲ್ಲಿ ಬೊಬ್ಬೆ ಎದ್ದವು. ಒಂದೊಂದು ದೊಡ್ಡ ಕಲ್ಲಿಗೂ ತಂತಿ ಸುತ್ತಿ, ಅಡ್ಡಲಾಗಿ ಮಲಗಿಸಿ, ಮುರುಮು ಸುರಿದು ನೀರು ಚಿಮುಕಿಸಿ ಬಡಿದರು. ಕಂಬ ಎಬ್ಬಿಸಿ, ಬುಡಕ್ಕೆ ಈ ಸಲ ಸಿಮೆಂಟು ಹಾಕಿದರು. ಸಿಮೆಂಟು ಒಣಗುವವರೆಗೆ ಜಯಮಾಲಾ ಕಟ್ಟೆಯ ಹತ್ತಿರ ಯಾರನ್ನೂ ಬಿಡದೆ ಬಸುರಿಯರನ್ನು ಒಳಗೆ ಹಾಸಿಗೆಯ ಮೇಲೆ ಕೂರಿಸಿದಳು. ಅದು ಗಟ್ಟಿಯಾದ ಮೇಲೆ ಅಮೋಘಸಿದ್ದ ಒಂದು ತಂತಿಗೆ ಜೋತುಬಿದ್ದು ತೂಗಿದ. ಅದು ಅಲುಗಲಿಲ್ಲ. ಜಯಮಾಲಾ ಸಮಾಧಾನವಾಗದೆ ತಾನೂ ಪ್ರತಿ ತಂತಿಗೆ ಜೋತುಬಿದ್ದು ನೋಡಿದಳು. ಸೀಮಾ ನಗು ತಡೆಯಲಾರದೆ ಕೆಳಗೆ ಕೂತುಬಿಟ್ಟಳು.

ಕ್ರಿಸ್‌ಮಸ್ ಹಿಂದಿನ ಸಂಜೆ, ಹೊತ್ತು ಮುಳುಗುತ್ತಿದ್ದಂತೆ ಸ್ವಿಚ್ ಒತ್ತಿದಳು. ಬಯಲಿನ ನಡುವೆ ಹಸಿರು ಗಿಡವೊಂದು ಒಮ್ಮೆಗೇ ಎದ್ದು ನಿಂತಿತು. ಕಬ್ಬಿನ ಟ್ರ್ಯಾಕ್ಟರುಗಳು ನಿಧಾನ ಮಾಡಿದವು. ಊರಿನವರು ಗುಂಪುಗುಂಪಾಗಿ ಬಂದರು. ಅವಳು ತಾಯಿಯ ಹಾಗೆ ಕರಜಿಕಾಯಿ ಮಾಡಿಟ್ಟಿದ್ದಳು, ಎಲ್ಲರಿಗೂ ಕೊಟ್ಟಳು. ಅವರು ಫೋನಿನಲ್ಲಿ ಫೋಟೊ ತೆಗೆದರು, ಮಕ್ಕಳನ್ನು ಗಿಡದ ಮುಂದೆ ನಿಲ್ಲಿಸಿದರು, ಭಾಳ ಚಂದ ಆಗ್ಯಾದ ಎಂದರು.

ಗುರಮ್ಮ ಮಾತ್ರ ಕಟ್ಟೆಯ ಮೇಲೆ ಕೂತು ಸುತ್ತ ನೋಡಿ ಕೇಳಿದಳು. "ನಿಮ್ಮ ಮಂದಿ ಯಾರೂ ಬರ್ಲಿಲ್ಲೇನ್ರಿ ಬಾಯಿ?"

"ಇಲ್ಲ ಆಯಿ. ಯಾರೂ ಇಲ್ಲ."

ಗುರಮ್ಮ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. "ನಿಮ್ಮವ್ವನ ಹೆಸರೇನಿತ್ರಿ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಈ ಊರಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. "ಸುಲಭಾ," ಎಂದಳು ಜಯಮಾಲಾ. ಹೆಸರು ಹೇಳಿ ಗುರಮ್ಮನ ಪಕ್ಕದಲ್ಲಿ ಕೂತಳು. ಊಟದ ಹೊತ್ತಾಗಿತ್ತು. ಮಂದಿ ಮಕ್ಕಳನ್ನು ಕರೆದುಕೊಂಡು ತಮ್ಮ ತಮ್ಮ ಮನೆಗೆ ಹೋದರು, ಗುರಮ್ಮನೂ ಬಾಣಂತಿ ಸೊಸೆಯ ನೆಪ ಹೇಳಿ ಎದ್ದಳು. ಅಷ್ಟು ಬೆಳಕಿನ ಕೆಳಗೆ ಜಯಮಾಲಾ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

ಹೊಸ ವರ್ಷದ ಮೊದಲ ದಿನ, ಹೇಳದೆ ಕೇಳದೆ ಬಾಗಿಲಲ್ಲಿ ಒಂದು ಕಾರು ನಿಂತಿತು. ಶಾಂತಕುಮಾರ, ಮಂಜರಿ, ಇಬ್ಬರು ಮಕ್ಕಳು. ಸೊಲ್ಲಾಪುರದಿಂದ ವಾಪಸು ಬರುವಾಗ ದಾರಿ ಬಿಟ್ಟು ಬಂದಿದ್ದರು. ಜಯಮಾಲಾ ಗಡಬಡಿಸಿ ಚಹಾಕ್ಕಿಟ್ಟಳು. ಬಿಸಿಲು ಇನ್ನೂ ಕಣ್ಣು ಕುಕ್ಕುತ್ತಿತ್ತು. ಅವಳು ಫೋಟೊ ಕಳಿಸಿದ್ದ ಗಿಡ ಎಲ್ಲಿ ಎಂದು ಮಕ್ಕಳು ಕೇಳಿದರು. ಅವಳು ಬಯಲಿನ ಕಡೆ ಕೈ ತೋರಿಸಿದಳು. ಅಲ್ಲಿ ತುಕ್ಕು ಹಿಡಿದ ಪೈಪು, ಸೈಕಲ್ ರಿಮ್ಮು, ಜೋತಾಡುವ ವೈರುಗಳು ಕಂಡವು. ಸ್ವಿಚ್ ಒತ್ತಿದಳು. ಬಿಸಿಲಿನಲ್ಲಿ ದೀಪ ಉರಿದದ್ದು ಗೊತ್ತೇ ಆಗಲಿಲ್ಲ.

"ಇಷ್ಟೇ ಏನು, ಅತ್ತಿ?" ಎಂದಳು ಸಣ್ಣವಳು. ಮಂಜರಿ ಮಗಳನ್ನು ಗದರಿದಳು.

ಶಾಂತಕುಮಾರ ಕಂಬದ ಬುಡಕ್ಕೆ ಹೋಗಿ ತಲೆಯೆತ್ತಿ ನೋಡಿದ. "ನೀನ ನಿಲ್ಲಿಸಿದೆ ಏನಕ್ಕಾ? ಒಂದ್ ಮಾತ್ ಬಾ ಅಂದಿದ್ರ ನಾವೇ ಇಲ್ಲಿಗಿ ಬರ್ತಿದ್ವಿ."

ಅವನು ಹೇಳಿದ್ದು ನಿಜವೇ ಇರಬಹುದು, ಜಯಮಾಲಾಳೂ ಕರೆದಿರಲಿಲ್ಲ.

"ಸ್ವಲ್ಪ ಕತ್ತಲಾಗೂತನಕ ಇರ್ರಿ," ಎಂದಳು.

"ನಾಳಿ ಮಕ್ಕಳ ಸಾಲಿ ಅದ. ಜೇವರ್ಗಿ ಮುಟ್ಟೂದ್ರಾಗ ಭಾಳ ಹೊತ್ತಾಗ್ತದ," ಎಂದ ಶಾಂತಕುಮಾರ.

ಕಾರು ಹೊರಟಾಗ ಸೂರ್ಯ ತೊಗರಿ ಹೊಲದಾಚೆ ಇಳಿಯುತ್ತಿದ್ದ. ಅವಳು ಕೈ ಬೀಸಿದಳು, ಕಾರು ಮರೆಯಾದ ಮೇಲೂ ಅಲ್ಲಿಯೇ ನಿಂತಳು. ದೀಪ ಆರಿಸುವುದು ಮರೆತಿತ್ತು. ನೋಡನೋಡುತ್ತ ಬೆಳಕು ಇಳಿಯಿತು, ದೀಪಗಳಿಗೆ ಬಣ್ಣ ಬಂತು.

ಫೋನು ಬಂತು. ಶಾಂತಕುಮಾರನ ನಂಬರು, ದನಿ ಮಾತ್ರ ಸಣ್ಣವಳದು.

"ಅತ್ತೀ, ಕಾರಿನ ಹಿಂದಿನ ಗಾಜಿನ್ಯಾಗ ಕಾಣಾಕತ್ತದ! ಹಸರದು! ಭಾಳ ದೊಡ್ಡದದ!"

"ಹೌದೇನವ್ವ?" ಎಂದಳು ಜಯಮಾಲಾ. "ಇನ್ನೂ ಕಾಣ್ತದೇನು?"

"ಕಾಣ್ತದ... ಈಗ ಸಣ್ಣದಾಯ್ತು... ಅಪ್ಪಾ, ನಿಂದರಸು..."

ಮಾತು ತುಂಡಾಯಿತು. ಆ ರಸ್ತೆಯಲ್ಲಿ ಸಿಗ್ನಲ್ ಸಿಗುವುದು ಅಷ್ಟಕ್ಕಷ್ಟೆ. ಕಾರು ನಿಂತಿತೋ ಮುಂದೆ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಅವಳು ಶಾಲು ಹೊದ್ದು ಬಂದು ಕಟ್ಟೆಯ ಮೇಲೆ ಕೂತಳು. ಅವರು ಆಳಂದ ದಾಟಿರಬಹುದು ಅನ್ನಿಸುವವರೆಗೆ ದೀಪ ಆರಿಸಲಿಲ್ಲ.